ಕೂಸು ಮಲಗುವ ಕೋಣೆ

ಸೆಪ್ಟೆಂಬರ್ ೧೯

ಈ ವಿಷಯವನ್ನು ಯಾರ ಹತ್ತಿರವೂ ಮಾತಾಡಬಾರದು ಎಂದು ವಕೀಲರು ಹೇಳಿದ್ದಾರೆ. ಸಿಂಧು, ಅಭಿರಾಮ್ ಹತ್ತಿರವಂತೂ ಫೋನಿನಲ್ಲಿಯೂ ಕೂಡದಂತೆ. ಬಾಯಿ ಮುಚ್ಚಿಕೊಂಡು ಕೂತರೆ ಎದೆ ಒಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವಾರ ನಮ್ಮ ಮನೆಯಲ್ಲಿ, ನನ್ನ ಡೇಕೇರಿನಲ್ಲಿ, ಅವರ ಮಗು ಶ್ರೀವತ್ಸ ತೀರಿಕೊಂಡ. ನಾಲ್ಕು ತಿಂಗಳು ತುಂಬಿರಲಿಲ್ಲ. ನನ್ನ ಹತ್ತಿರ ಬರಲು ಶುರುಮಾಡಿದ್ದ ಎರಡನೆಯ ವಾರ. ಬೆಳಗಿನ ನಿದ್ದೆಗೆ ಮಲಗಿದವನು ಏಳಲಿಲ್ಲ. ಅಂಗಾತವೇ ಮಲಗಿಸಿದ್ದೆ. ತೊಟ್ಟಿಲಲ್ಲಿ ದಿಂಬಿರಲಿಲ್ಲ, ಹೊದಿಕೆ ಇರಲಿಲ್ಲ, ಗೊಂಬೆ ಇರಲಿಲ್ಲ. ಸ್ವಲ್ಪ ಮೂಗು ಸೋರುತ್ತಿತ್ತು, ಜ್ವರ ಇರಲಿಲ್ಲ. ಉತ್ತರದ ಕಾಡಿಗೆ ಬೆಂಕಿ ಬಿದ್ದು ಆ ವಾರವೆಲ್ಲ ನಮ್ಮ ಊರು ಫ್ರೀಮಾಂಟಿನ ಆಕಾಶ ಅರಿಸಿನ ಕದಡಿದ ನೀರಿನಂತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದೆ, ಗಾಳಿ ಶುದ್ಧಮಾಡುವ ಯಂತ್ರ ಹಾಕಿದ್ದೆ. ಮಧ್ಯೆ ಹೋಗಿ ನೋಡಿ ಬಂದಿದ್ದೆ. ಹಾಲಿನ ಹೊತ್ತಾಯಿತೆಂದು ಎಬ್ಬಿಸಲು ಹೋದಾಗ ಅವನು ಅಲ್ಲಿರಲಿಲ್ಲ, ಮೈ ಮಾತ್ರ ಇತ್ತು. ತರಬೇತಿಯಲ್ಲಿ ಕಲಿಸಿದಂತೆ ಎರಡು ಬೆರಳಿನಿಂದ ಎದೆ ಒತ್ತಿದೆ, ಉಸಿರು ಕೊಟ್ಟೆ. ಆಂಬುಲೆನ್ಸಿನವರು ಬಂದು ನನ್ನ ಕೈ ಬಿಡಿಸುವವರೆಗೂ ಒತ್ತುತ್ತಲೇ ಇದ್ದೆ.

ಇಷ್ಟು ವರ್ಷದಲ್ಲಿ ಈ ಕೈಯಲ್ಲಿ ಬೆಳೆದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಪೊಲೀಸರು ಕೇಳಿದರು, ಮಗು ಅತ್ತಾಗ ನಿಮಗೆ ಸಿಟ್ಟು ಬರುತ್ತದೆಯೇ ಎಂದು.

ಸೆಪ್ಟೆಂಬರ್ ೨೪

ತನಿಖೆ ಮುಗಿಯುವವರೆಗೆ ಡೇಕೇರ್ ತೆರೆಯುವಂತಿಲ್ಲ ಎಂದು ಲೈಸೆನ್ಸ್ ಆಫೀಸಿನವರು ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಅದಕ್ಕೆ ಮೊದಲೇ ಉಳಿದ ಮಕ್ಕಳ ತಾಯಂದಿರು ಬಂದು ಬಟ್ಟೆಬರೆ ತೆಗೆದುಕೊಂಡು ಹೋಗಿದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. ಯಾರೂ ಒಳಗೂ ಬರಲಿಲ್ಲ.

ನಮ್ಮ ಯಜಮಾನರು ಕೇದಾರ ಹೇವರ್ಡಿನ ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಬಂದು ತೊಟ್ಟಿಲುಗಳನ್ನು ಬಿಚ್ಚಿ ಗರಾಜಿಗೆ ಸಾಗಿಸತೊಡಗಿದರು. ಅತ್ತೆ ಅಡ್ಡ ನಿಂತರು.

"ಯಾಕ ಬಿಚ್ಚಾಕತ್ತೀಯೋ? ಇಲ್ಲೇನು ಕಳ್ಳತನ ಆಗೇತೇನು?"

"ಅವ್ವಾ, ಆಕಿ ನೋಡಿ ನೋಡಿ ಅಳ್ತಾಳ."

"ಅಳಲಿ. ಅಳೂ ಹೊತ್ತಿನ್ಯಾಗ ಅಳದ ಯಾವಾಗ ಅಳಬೇಕು?"

ನನ್ನ ಅತ್ತೆ ದ್ಯಾಮವ್ವನವರ ಮಾತು ಯಾವಾಗಲೂ ಹೀಗೆ. ಆದರೂ ತೊಟ್ಟಿಲುಗಳು ಗರಾಜಿಗೆ ಹೋದವು.

ಅಕ್ಟೋಬರ್ ೩

ಇಂಡಿಯನ್ ಗ್ರೋಸರಿಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಹಿಂದೆ ಇಬ್ಬರು ಹೆಂಗಸರು ತೆಲುಗಿನಲ್ಲಿ ಪಿಸುಗುಟ್ಟಿದರು. ನನಗೆ ತೆಲುಗು ಬರುವುದಿಲ್ಲ, ಆದರೆ ಡೇಕೇರ್ ಎಂಬ ಮಾತು ಎಲ್ಲ ಭಾಷೆಯಲ್ಲೂ ಒಂದೇ. ಸೊಪ್ಪು ಅಲ್ಲೇ ಬಿಟ್ಟು ಬಂದೆ.

ಇನ್ನು ಸಾಮಾನು ಕೇದಾರನೇ ತರಲಿ.

ಅಕ್ಟೋಬರ್ ೨೧

ದಿನವೆಲ್ಲ ಓದುವುದೇ ಕೆಲಸವಾಗಿದೆ. ಮಲಗಿದ ಕೂಸು ಕಾರಣವಿಲ್ಲದೆ ಹೋಗುವುದಕ್ಕೆ ಇಲ್ಲಿ ಒಂದು ಹೆಸರೇ ಇದೆ. ಹೆಸರಿದೆ, ಕಾರಣ ಇಲ್ಲ. ಕೆಲವು ಸಂಶೋಧಕರು ಉರಿಯೂತದ ಕಡೆ ನೋಡುತ್ತಿದ್ದಾರೆ. ಸೋಂಕು ತಗುಲಿದಾಗ ಮೈ ತನ್ನನ್ನು ಕಾಪಾಡಿಕೊಳ್ಳಲು ಬೆಂಕಿ ಹೊತ್ತಿಸುತ್ತದಂತೆ. ಕೆಲವು ಕೂಸುಗಳಲ್ಲಿ ಆ ಬೆಂಕಿ ಹುಟ್ಟಿನಿಂದಲೇ ಜೋರು, ಆರುವುದು ನಿಧಾನ. ಅದು ತಂದೆತಾಯಿಯಿಂದ ಬರುವ ಗುಣ. ಅದರ ಮೇಲೆ ಹೊರಗಿನ ಹೊಗೆ, ಸೆಕೆ, ನೆಗಡಿ ಸೇರಿದರೆ ಎಳೆಯ ಮೈ ತಡೆಯದೆ ಹೋಗಬಹುದು ಎನ್ನುತ್ತಾರೆ. ಆಗಬಹುದು ಎನ್ನುತ್ತಾರೆ, ಆಗುತ್ತದೆ ಎನ್ನುವುದಿಲ್ಲ.

ಓದಿ ಮುಗಿಸಿದ ಮೇಲೆ ನನಗೆ ತಿಳಿದದ್ದು ಒಂದೇ. ಹೊಗೆಯಿಂದ ಎಂದು ಬಂದರೆ ಅದು ನನ್ನ ಮನೆಯ ಗಾಳಿ. ರಕ್ತದಿಂದ ಎಂದು ಬಂದರೆ ನಾನಲ್ಲ. ಬಸವಣ್ಣನ ಫೋಟೋದ ಮುಂದೆ ನಿಂತು ಕೈಮುಗಿದೆ. ರಕ್ತದಲ್ಲೇ ಇತ್ತು ಅಂತ ಬರಲಪ್ಪಾ ಎಂದು ಬೇಡಿಕೊಂಡೆ.

ನವೆಂಬರ್ ೩೦

ಶವಪರೀಕ್ಷೆಯ ವರದಿ ಇನ್ನೂ ಬಂದಿಲ್ಲ.

ಜನವರಿ ೧೫

ಅತ್ತೆ ಹಟಹಿಡಿದು ಸಂಕ್ರಾಂತಿಗೆ ಕುಸುರೆಳ್ಳು ಮಾಡಿಸಿದರು. ಹಂಚಲು ಯಾರೂ ಇಲ್ಲ. ಅತ್ತೆಯೇ ಕೋಟು ಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ಬೀದಿಯ ಎರಡೂ ಕಡೆಯ ಮನೆಗಳ ಬಾಗಿಲು ತಟ್ಟಿ ಬಂದರು. ಒಬ್ಬ ಫಿಲಿಪಿನೋ ಮುದುಕಿ ಅವರನ್ನು ಒಳಗೆ ಕೂರಿಸಿ ಅನ್ನದ ಕಡುಬಿನಂಥದ್ದು ಏನೋ ಕೊಟ್ಟಳಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು.

"ಏನ್ ಮಾತಾಡಿದ್ರಿ ಅತ್ತಿ?" ಎಂದು ಕೇಳಿದೆ.

"ಮೊಣಕಾಲು ಬ್ಯಾನಿ ಬಗ್ಗೆ," ಎಂದರು.

ಎಷ್ಟೋ ದಿನಗಳ ಮೇಲೆ ನಕ್ಕೆ.

ಫೆಬ್ರವರಿ ೧೨

ವರದಿ ಬಂತು. ಗಾಯ ಇಲ್ಲ, ಉಸಿರುಗಟ್ಟಿದ ಗುರುತಿಲ್ಲ, ವಿಷ ಇಲ್ಲ. ಶ್ವಾಸನಾಳದಲ್ಲಿ ಸ್ವಲ್ಪ ಉರಿಯೂತ ಕಂಡಿದೆ, ಸಾವಿಗೆ ಅದೊಂದೇ ಸಾಲದು. ಕಾರಣ ತಿಳಿದಿಲ್ಲ ಎಂದು ಷರಾ.

ಪೊಲೀಸರು ಕೇಸು ಮುಚ್ಚಿದ್ದಾರೆ. ಲೈಸೆನ್ಸಿನ ವಿಚಾರಣೆ ಬೇಸಿಗೆಯಲ್ಲಿ. ಗೆಲ್ಲುವ ಸಾಧ್ಯತೆ ಚೆನ್ನಾಗಿದೆ ಎಂದರು ವಕೀಲರು. ಕೇದಾರ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟರು. ಇಷ್ಟು ತಿಂಗಳು ನನ್ನೆದುರು ಒಂದು ಹನಿ ಹಾಕಿರಲಿಲ್ಲ. ಗೋಧಿಹುಗ್ಗಿ ಮಾಡಿದೆ.

ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡುತ್ತ ಕೇಳಿದರು, "ಕಾರಣ ಗೊತ್ತಿಲ್ಲ ಅಂತ ಆ ಹುಡುಗಿಗೂ ಹೇಳಿರ್ತಾರೇನು?"

"ಹೇಳಿರ್ತಾರ್ರೀ."

"ಮತ್ತ ಆಕಿ ಇವತ್ತ ಏನ್ ಉಂಡಿರಬೇಕು?"

ಹುಗ್ಗಿ ಉಳಿಯಿತು.

ಮಾರ್ಚ್ ೫

ಸಿಂಧುವಿನ ಫೋನು. ಹೆಸರು ನೋಡಿ, ಒಲೆ ಆರಿಸಿ ಎತ್ತಿಕೊಂಡೆ.

"ಆಂಟಿ, ನಿಮ್ಮ ಹತ್ರ ಮಾತಾಡಬಾರದು ಅಂತ ನಮಗೂ ಹೇಳಿದಾರೆ. ಆದರೂ ಮಾಡ್ತಿದೀನಿ."

ಅವಳು ಮತ್ತು ಅಭಿರಾಮ್ ಮಗುವಿನ ಮಾದರಿಗಳನ್ನು ಸ್ಯಾನ್ ಹೊಸೆಯ ಒಂದು ಸಂಶೋಧನೆಗೆ ಕೊಟ್ಟಿದ್ದಾರೆ. ಅದನ್ನು ನಡೆಸುವವರು ಮೈಸೂರಿನ ಕಡೆಯ ಡಾಕ್ಟರ್ ಯೋಗಾನಂದ ಎಂಬುವರು. ಜೀನುಗಳನ್ನು ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ, ಮಗು ಆ ಬೆಳಗ್ಗೆ ಎಂಥ ಗಾಳಿ ಉಸಿರಾಡಿತು ಎಂದೂ ತಿಳಿಯಬೇಕು ಎಂದಿದ್ದಾರಂತೆ. ಅದಕ್ಕೆ ನಮ್ಮ ಮನೆಯನ್ನು ಅಳೆಯಬೇಕು. ಹೊರಗಿನ ಗಾಳಿ ಎಲ್ಲೆಲ್ಲಿ ನುಗ್ಗುತ್ತದೆ, ಆ ಕೋಣೆಯಲ್ಲಿ ಎಷ್ಟು ನಿಲ್ಲುತ್ತದೆ ಎಂದು.

"ಇಲ್ಲ ಅಂದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ, ಆಂಟಿ."

ವಿಚಾರಿಸಿ ಹೇಳುತ್ತೇನೆ ಎಂದೆ.

ಮಾರ್ಚ್ ೭

ವಕೀಲರು ಸುತರಾಂ ಬೇಡ ಎಂದರು. ಈಗ ದಾಖಲೆಯಲ್ಲಿ ನಿಮ್ಮ ತಪ್ಪು ಒಂದೂ ಇಲ್ಲ. ಅಳತೆ ಮಾಡಿಸಿ, ಮನೆಯೊಳಗೆ ಹೊಗೆ ಬರುತ್ತಿತ್ತು ಎಂದು ನೀವೇ ಬರೆದುಕೊಟ್ಟಂತಾದರೆ ಲೈಸೆನ್ಸಿನ ಆಸೆ ಬಿಡಿ ಎಂದರು.

ಕೇದಾರ ಹೇಳಿದ್ದೂ ಅದೇ. "ದಡಕ್ಕ ಬಂದ ಮ್ಯಾಲ ಮತ್ತ ಯಾಕ ನೀರಿಗಿಳೀತಿ?"

ಅವರು ಹೇಳುವುದು ಸರಿಯಾಗಿಯೇ ಇದೆ. ನಮ್ಮದು ಹಳೆಯ ಮನೆ. ಮಲಗುವ ಕೋಣೆಯ ಕಿಟಕಿ ಚಳಿಗಾಲದಲ್ಲಿ ಸೀಟಿ ಹೊಡೆಯುತ್ತದೆ. ಅಳೆದರೆ ಏನು ಬರುತ್ತದೆ ಎಂದು ನನಗೆ ಗೊತ್ತು.

ಮಾರ್ಚ್ ೯

ಬರಲು ಹೇಳಿದೆ.

ಮಾರ್ಚ್ ೧೬

ಡಾಕ್ಟರ್ ಯೋಗಾನಂದ ಬಂದರು. ಅರವತ್ತರ ಹತ್ತಿರದ, ಮೆತ್ತನೆ ಮಾತಿನ ಮನುಷ್ಯ. ಜೊತೆಯಲ್ಲಿ ಯಂತ್ರಗಳನ್ನು ಹೊತ್ತ ಇಬ್ಬರು. ಹಿಂದೆಯೇ ಸಿಂಧು. ಅವಳು ಬರುತ್ತಾಳೆಂದು ನನಗೆ ತಿಳಿಸಿರಲಿಲ್ಲ.

ಎಷ್ಟು ಸೊರಗಿದ್ದಾಳೆ. ಹೊಸ್ತಿಲ ಹೊರಗೆ ನಿಂತುಬಿಟ್ಟಳು. ಅತ್ತೆ ಹೋಗಿ ಕೈ ಹಿಡಿದು, "ಬಾ ಯವ್ವಾ, ಇದೂ ನಿನ್ನ ಮನೀನ," ಎಂದು ಒಳಗೆ ಕರೆತಂದರು.

ಯಂತ್ರದವರು ಮುಂಬಾಗಿಲಿಗೆ ಫ್ಯಾನು ಕಟ್ಟಿ ಗಾಳಿ ಎಳೆಯುತ್ತಿದ್ದಾಗ ಅವಳು ಮಲಗುವ ಕೋಣೆಯ ಬಾಗಿಲಿಗೆ ಬಂದಳು.

"ಎಲ್ಲಿ ಮಲಗಿದ್ದ, ಆಂಟಿ?"

ತೊಟ್ಟಿಲು ಇರಲಿಲ್ಲ. ಜಾಗ ತೋರಿಸಿದೆ.

"ಅಳ್ತಿದ್ನಾ?"

"ಇಲ್ಲವ್ವಾ. ಹಾಲು ಕುಡದು ತೇಗಿದ. ನನ್ನ ಕುಂಕುಮ ಹಿಡಿಯಾಕ ಕೈ ಚಾಚಿದ. ಮಲಗಿಸಿದ ಮ್ಯಾಲ ಒಂದೆರಡು ಸಲ ಕಾಲು ಜಾಡಿಸಿ, ತನ್ನಷ್ಟಕ್ಕ ತಾನ ಏನೋ ಮಾತಾಡಿಕೋತ ಕಣ್ಣು ಮುಚ್ಚಿದ. ನಾ ಜೋಗುಳ ಹಾಡೂ ಕೆಲಸನೂ ಬೀಳಲಿಲ್ಲ."

ಅವಳು ಗೋಡೆಗೆ ಒರಗಿ ಕೆಳಗೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಆರು ತಿಂಗಳಿಂದ ಪೊಲೀಸರನ್ನು, ಡಾಕ್ಟರನ್ನು, ವಕೀಲರನ್ನು ಕೇಳಿದ್ದಳಂತೆ. ಮಗು ಅತ್ತಿತ್ತೇ ಎಂಬುದನ್ನು ಯಾರೂ ಹೇಳಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ನನ್ನ ಬಾಯಿ ಕಟ್ಟಿಹಾಕಿದ್ದರು.

ಇಬ್ಬರೂ ಮನಸಾರೆ ಅತ್ತೆವು. ಹೊರಗೆ ಫ್ಯಾನು ಭೋರೆನ್ನುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅತ್ತೆ ಗಿರಮಿಟ್ಟು, ಮಿರ್ಚಿ ಮಾಡಿಕೊಟ್ಟರು. ಸಿಂಧು ಎರಡು ಸಲ ಹಾಕಿಸಿಕೊಂಡಳು. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು.

ಏಪ್ರಿಲ್ ೨೦

ಫಲಿತಾಂಶ ಹೇಳಲು ಡಾಕ್ಟರ್ ಯೋಗಾನಂದ ಎಲ್ಲರನ್ನೂ ಸ್ಯಾನ್ ಹೊಸೆಗೆ ಕರೆದಿದ್ದರು. ಅಭಿರಾಮ್, ಸಿಂಧು ಒಂದು ಕಡೆ, ನಾನು ಮತ್ತು ಕೇದಾರ ಇನ್ನೊಂದು ಕಡೆ ಕೂತಿದ್ದೆವು.

"ಮೊದಲೇ ಹೇಳಿಬಿಡ್ತೀನಿ," ಎಂದರು ಡಾಕ್ಟರು. "ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೆ ನನ್ನಿಂದ ಆಗಲ್ಲ. ಇಡೀ ಪ್ರಪಂಚದಲ್ಲೇ ಯಾರಿಂದಲೂ ಆಗಲ್ಲ. ಕಂಡದ್ದನ್ನ ಹೇಳ್ತೀನಿ."

ಉರಿಯೂತವನ್ನು ಏರಿಸುವ ಒಂದು ಜೀನಿನಲ್ಲಿ ಮಗುವಿಗೆ ಒಂದು ಬದಲಾವಣೆ ಇತ್ತು. ಅದು ಸಿಂಧುವಿನಿಂದ ಬಂದದ್ದು. ಉರಿಯೂತವನ್ನು ಇಳಿಸುವ ಇನ್ನೊಂದರಲ್ಲಿ ಮತ್ತೊಂದು ಬದಲಾವಣೆ ಇತ್ತು. ಅದು ಅಭಿರಾಮ್ ಕಡೆಯದು. ಒಲೆ ಬೇಗ ಹೊತ್ತಿಕೊಳ್ಳುತ್ತದೆ, ನಿಧಾನ ಆರುತ್ತದೆ, ಅಷ್ಟೇ. ಎರಡೂ ಎಷ್ಟೋ ಜನರಲ್ಲಿ ಇರುತ್ತವೆ. ಅವರೆಲ್ಲ ಆರೋಗ್ಯವಾಗಿಯೇ ಬಾಳುತ್ತಾರೆ. ಆ ವಾರ ನೆಗಡಿ ಬಂತು, ಹೊಗೆ ಬಂತು, ಮಗು ಇನ್ನೂ ಗಾಢ ನಿದ್ದೆಯಿಂದ ತಾನೇ ಎಚ್ಚರಗೊಳ್ಳಲು ಕಲಿಯುವ ವಯಸ್ಸಿನಲ್ಲಿತ್ತು. ಯಾವುದೊಂದೂ ಮಗುವನ್ನು ಒಯ್ಯುವಷ್ಟು ದೊಡ್ಡದಲ್ಲ. ಎಲ್ಲವೂ ಒಂದೇ ಬೆಳಗ್ಗೆ ಕೂಡಿದ್ದಿರಬಹುದು.

"ನಮ್ಮತ್ತೆ ಬೆಂಗಳೂರಿಂದ ಫೋನ್ ಮಾಡಿ ಕೇಳ್ತಾರೆ, ಯಾರ ಕಡೆಯಿಂದ ಬಂತು ಅಂತ," ಎಂದಳು ಸಿಂಧು. ಅವಳ ದನಿ ಒಣಗಿತ್ತು. "ನನ್ನದು ಹೊತ್ತಿಸೋ ಜೀನು. ಹಾಗಾದ್ರೆ ನಾನೇ ಅಲ್ವಾ?"

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ನಾನೇ ಮಾತಾಡಿಬಿಟ್ಟೆ. "ಹಂಗಾದ್ರ ಹೊಗಿ ಯಾರದು? ನಮ್ಮ ಕಿಟಕ್ಯಾಗಿಂದ ಬಂದದ್ದು. ಡಾಕ್ಟರ, ಅಳತಿ ಏನ್ ಬಂತು ಅದನ್ನೂ ಹೇಳ್ರಿ."

ಕೇದಾರ ನನ್ನ ಮೊಣಕೈ ಹಿಡಿದರು. ಡಾಕ್ಟರು ಕಾಗದ ತಿರುವಿದರು. ಮಲಗುವ ಕೋಣೆಯ ಕಿಟಕಿಯ ಸಂದಿಯಿಂದ ಗಾಳಿ ಬರುತ್ತದೆ, ಆ ವಾರ ಒಳಗೂ ಹೊಗೆಯ ಕಣಗಳು ಇದ್ದಿರಲೇಬೇಕು, ಯಂತ್ರ ಇದ್ದದ್ದರಿಂದ ಹೊರಗಿನದಕ್ಕಿಂತ ಬಹಳ ಕಡಿಮೆ ಎಂದರು. "ಆ ವಾರ ಫ್ರೀಮಾಂಟಿನ ಯಾವ ಮನೇನ ಅಳೆದಿದ್ರೂ ಇದಕ್ಕಿಂತ ಒಳ್ಳೇದು ಸಿಗೋದು ಕಷ್ಟ ಇತ್ತಮ್ಮ. ನಿಮ್ಮಿಬ್ಬರಲ್ಲಿ ಯಾರ ಪಾಲು ಎಷ್ಟು ಅಂತ ಕೇಳಬೇಡಿ. ಹಂಚೋಕೆ ಇಲ್ಲಿ ಅಪರಾಧವೇ ಇಲ್ಲ."

ಅಭಿರಾಮ್ ಫೋನ್ ತೆಗೆದು ತಾಯಿಗೆ ಮಾಡಿದ. ಎಲ್ಲರೆದುರೇ ಹೇಳಿದ: "ಅಮ್ಮಾ, ಡಾಕ್ಟರ್ ಹತ್ರ ಇದೀವಿ. ಯಾರ ಕಡೆಯಿಂದಾನೂ ಅಲ್ಲ. ಇನ್ಮೇಲೆ ಸಿಂಧೂನ ಅದನ್ನ ಕೇಳಬೇಡ." ಇಟ್ಟುಬಿಟ್ಟ.

ವಾಪಸು ಬರುವಾಗ ಸಿಂಧು ನಮ್ಮ ಕಾರಿನಲ್ಲಿ ಕೂತಳು, ಅಭಿರಾಮ್ ಹಾಗೆಯೇ ಆಫೀಸಿಗೆ ಹೋದ. ಫ್ರೀವೇ ಹತ್ತಿದ ಮೇಲೆ, "ಆಂಟಿ, ನನಗೆ ಮತ್ತೆ ಮೂರನೇ ತಿಂಗಳು," ಎಂದಳು. ಕೇದಾರ ಲೇನು ತಪ್ಪಿಸಿ, ಹಿಂದಿನವನ ಹಾರನ್ನು ಕೇಳಿಸಿಕೊಂಡು ಮತ್ತೆ ಸರಿದಾರಿಗೆ ಬಂದರು.

ಮೇ ೨

ಕಿಟಕಿಯವರು ಬಂದು ಹಳೆಯ ಚೌಕಟ್ಟು ಕಿತ್ತು ಹೊಸದು ಕೂರಿಸಿದರು. ಬೆಂಕಿಕಡ್ಡಿ ಗೀರಿ ಸಂದಿಯ ಹತ್ತಿರ ಹಿಡಿದೆ. ಜ್ವಾಲೆ ಅಲುಗಲಿಲ್ಲ. ಡೇಕೇರ್ ತೆರೆಯುತ್ತದೋ ಇಲ್ಲವೋ, ಕೋಣೆಯಂತೂ ಗಟ್ಟಿಯಾಯಿತು.

ಸಿಂಧುಗೆ ಹುಳಿ ಬೇಕಂತೆ. ಅತ್ತೆ ಕೆಂಪು ಮೆಣಸಿನಕಾಯಿ ಚಟ್ನಿ ಕಳಿಸಿದರು. ಬಸುರಿಗೆ ಅಷ್ಟು ಖಾರ ಬೇಡ ಎಂದರೆ, "ನಾಕು ಮಂದಿನ ಹಡದಾಕಿ ನಾನೋ ನೀನೋ?" ಎಂದರು.

ಜೂನ್ ೧೮

ಇಂದು ವಿಚಾರಣೆ. ಓಕ್ಲ್ಯಾಂಡಿನ ಒಂದು ಸರ್ಕಾರಿ ಕಟ್ಟಡ. ನ್ಯಾಯಾಧೀಶರು ಬೆಳ್ಳಿಗೂದಲಿನ ಹೆಂಗಸು. ಲೈಸೆನ್ಸ್ ಆಫೀಸಿನ ಕಡೆಯವರು, ನಮ್ಮ ವಕೀಲರು ಹೇಳಿದ್ದಂತೆಯೇ, ಅಳತೆಯ ಕಾಗದ ಹಿಡಿದು ಎದ್ದರು. ಮನೆಯೊಳಗೆ ಹೊಗೆ ಬರುತ್ತಿತ್ತು ಎಂದು ಇವರೇ ಒಪ್ಪಿದ್ದಾರೆ ಎಂದರು. ನಾನು ಹೌದು ಎಂದೆ. ಯಾಕೆ ಅಳೆಯಿಸಿದಿರಿ ಎಂದು ನ್ಯಾಯಾಧೀಶರು ಕೇಳಿದರು. ತಾಯಿಗೆ ತಿಳಿಯಬೇಕಾಗಿತ್ತು ಎಂದೆ. ಬೇರೆ ಏನೂ ಹೊಳೆಯಲಿಲ್ಲ.

ಸಾಕ್ಷಿ ಹೇಳುವವರಿದ್ದೀರಾ ಎಂದಾಗ ಸಿಂಧು ಎದ್ದಳು. ಹೊಟ್ಟೆ ಆಗಲೇ ಕಾಣುತ್ತಿತ್ತು. ಲೈಸೆನ್ಸ್ ಆಫೀಸಿನವರು ಅವಳು ತಮ್ಮ ಕಡೆಯವಳೆಂದೇ ತಿಳಿದಿದ್ದರು. ನೀರಿನ ಲೋಟ ಅವಳ ಮುಂದೆ ಸರಿಸಿದರು.

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಕನ್ನಡದಲ್ಲಿ. "ನನ್ನ ಮಗು ಹೇಗೆ ಹೋಯಿತು ಎಂದು ಎಲ್ಲರನ್ನೂ ಕೇಳಿದೆ. ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡರು. ಕಳೆದುಕೊಳ್ಳಲು ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಇವರಿಗೆ. ಇವರು ಬಾಗಿಲು ತೆರೆದರು. ಅಳೆಯಿರಿ ಎಂದರು. ಆ ವಾರದ ಗಾಳಿಗೆ ಶಿಕ್ಷೆ ಕೊಡಬೇಕಾದರೆ ಈ ಊರಿನ ಎಲ್ಲ ಮನೆಗೂ ಬೀಗ ಹಾಕಿ. ನನಗೆ ನವೆಂಬರಿನಲ್ಲಿ ಇನ್ನೊಂದು ಮಗು ಹುಟ್ಟಲಿದೆ. ಅದನ್ನು ಇವರ ಹತ್ತಿರವೇ ಬಿಡುತ್ತೇನೆ. ನೀವು ಲೈಸೆನ್ಸ್ ಕೊಡದಿದ್ದರೆ ಎಲ್ಲಿ ಬಿಡಬೇಕು ಎಂದು ನೀವೇ ಹೇಳಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಗದ ಹಿಡಿದಿದ್ದವರು ಕೂತರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಮ್ಮ ವಕೀಲರು, ಇಪ್ಪತ್ತು ವರ್ಷದಲ್ಲಿ ಹೀಗೆ ತಮ್ಮ ಮಾತು ಮೀರಿ ತಮ್ಮನ್ನೇ ಗೆಲ್ಲಿಸಿದ ಕಕ್ಷಿದಾರರನ್ನು ನೋಡಿರಲಿಲ್ಲ ಎಂದರು. ಗೆದ್ದೆವೆಂದು ತೀರ್ಪಿಗೆ ಮೊದಲೇ ಹೇಳುತ್ತಾರೆ, ಈ ಮನುಷ್ಯ.

ಜುಲೈ ೧೦

ಸಿಂಧುಗೆ ಕಾಲು ಊದಿಕೊಂಡಿದೆ. ಬೆಳಗ್ಗೆ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ, ಒತ್ತಡ ಸರಿಯಿದೆಯಂತೆ, ಉಪ್ಪು ಕಡಿಮೆ ಮಾಡಬೇಕು. ಮಗುವಿನ ಜೀನು ಪರೀಕ್ಷೆ ಮಾಡಿಸಬೇಕೇ ಎಂದು ಯೋಗಾನಂದರನ್ನು ಕೇಳಿದ್ದಳಂತೆ. ಅದು ಭವಿಷ್ಯ ಹೇಳುವುದಿಲ್ಲ ಎಂದರಂತೆ. "ಹಾಗಾದ್ರೆ ಬೇಡ ಆಂಟಿ. ಇದ್ರೂ ಅಂಗಾತ ಮಲಗಿಸ್ತೀನಿ, ಇಲ್ದಿದ್ರೂ ಅಂಗಾತ ಮಲಗಿಸ್ತೀನಿ," ಎಂದಳು. ಸರಿಯಾದ ಮಾತು. ಬರುವಾಗ ಬಸಳೆ ಸೊಪ್ಪು, ತೊಗರಿಬೇಳೆ ತಂದೆ. ಗ್ರೋಸರಿಯಲ್ಲಿ ಗರ್ದಿಯೋ ಗರ್ದಿ, ಪಾರ್ಕಿಂಗ್ ಸಿಗಲಿಲ್ಲ.

ಲೈಸೆನ್ಸ್ ವಾಪಸು ಬಂತು.

ಆಗಸ್ಟ್ ೧೯

ಮನೆ ತುಂಬ ಗದ್ದಲ. ಕೇದಾರ ತೊಟ್ಟಿಲುಗಳನ್ನು ಜೋಡಿಸುವಾಗ ಒಂದಕ್ಕೆ ಮೊಳೆ ತಿರುಗಾಮುರುಗಾ ಹಾಕಿ ಅತ್ತೆಯ ಕೈಲಿ ಬೈಸಿಕೊಂಡರು. ಮೊದಲ ದಿನ ಬಂದದ್ದು ಅವಳಿ ಹುಡುಗಿಯರು, ಒಬ್ಬಳು ಅತ್ತರೆ ಇನ್ನೊಬ್ಬಳು ತಾಳ ಹಾಕುತ್ತಾಳೆ. ಗೋಡೆಯ ಮೇಲೆ ಆಗಲೇ ಬಾಳೆಹಣ್ಣು. ಬರೆಯಲು ಪುರಸೊತ್ತಿಲ್ಲ.

ಸೆಪ್ಟೆಂಬರ್ ೧೪

ಮತ್ತೆ ಹೊಗೆ, ಕಳೆದ ವರ್ಷದಷ್ಟಲ್ಲ. ಫ್ರೀಮಾಂಟಿನಲ್ಲಿ ಮನೆಯಲ್ಲೇ ಡೇಕೇರ್ ನಡೆಸುವ ಹೆಂಗಸರನ್ನೆಲ್ಲ ಕರೆದಿದ್ದೆ. ನಾಲ್ಕೈದು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಕುರ್ಚಿ ಸಾಲದೆ ಚಾಪೆ ಹಾಸಿದೆವು. ತೆಲುಗಿನವರು, ಪಂಜಾಬಿನವರು, ಆಫ್ಘನ್ ಹೆಂಗಸರು, ಅತ್ತೆಯ ಫಿಲಿಪಿನೋ ಗೆಳತಿಯ ಮಗಳು. ಡಾಕ್ಟರ್ ಯೋಗಾನಂದ ಉರಿಯೂತದ ಬಗ್ಗೆ ಹೇಳಿದರು. ನಾನು ಕಿಟಕಿ ತೋರಿಸಿದೆ. ಹೊಗೆಯ ದಿನ ಬಾಗಿಲಲ್ಲಿ ಮಕ್ಕಳನ್ನು ಇಳಿಸಿಕೊಳ್ಳುವ ಬಗೆ, ಯಂತ್ರವನ್ನು ಮಲಗುವ ಕೋಣೆಯಲ್ಲೇ ಇಡುವುದು, ನೆಗಡಿಯ ಕೂಸಿಗೆ ಬಟ್ಟೆ ಹೊದಿಸಿ ಸೆಕೆ ಮಾಡಬಾರದೆಂಬುದು. ಇಷ್ಟು ಮಾಡಿದರೆ ಏನೂ ಆಗುವುದಿಲ್ಲವೇ ಎಂದು ಒಬ್ಬಳು ಕೇಳಿದಳು.

"ಹಂಗ ಯಾರೂ ಹೇಳಾಕ ಆಗೂದಿಲ್ಲ," ಎಂದೆ. "ನಾನೂ ಎಲ್ಲಾ ಮಾಡಿದ್ದೆ." ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದೆ. ಯಾರೂ ಎದ್ದುಹೋಗಲಿಲ್ಲ. ಚಹಾ ಮೂರು ಸಲ ಮಾಡಬೇಕಾಯಿತು.

ನವೆಂಬರ್ ೮

ಹೆಣ್ಣು. ಕರಿ ಕೂದಲು, ದೊಡ್ಡ ಗಂಟಲು. ಹಂಸಾ ಎಂದು ಹೆಸರು, ಸಿಂಧುವಿನ ಅಜ್ಜಿಯದು. ಅಭಿರಾಮ್ ತಾಯಿ ಬೆಂಗಳೂರಿಂದ ಬಂದಿದ್ದಾರೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ತೊಟ್ಟಿಲ ಹತ್ತಿರ ಕರೆದೊಯ್ದರು. ಆಮೇಲೆ, "ಮಗೂನ ಎತ್ಕೊಳ್ಳಿ," ಎಂದರು.

ಎತ್ತಿಕೊಂಡೆ.

ಡಿಸೆಂಬರ್ ೧

ಅತ್ತೆ ಹಂಸಾಳಿಗೆ ನೀರು ಹಾಕಲು ಹೋಗಿದ್ದರು. ಎರೆದ ಮೇಲೆ ಲೋಬಾನದ ಹೊಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಏನು ಮಾಡುತ್ತಾರೋ ಎಂದು ನಾನೂ ಜೊತೆಗೇ ಹೋಗಿದ್ದೆ. ಅಭಿರಾಮ್ ತಾಯಿಯೇ ಸಾಂಬ್ರಾಣಿ ಹುಡುಕುತ್ತಿದ್ದರು. ಅತ್ತೆ ತಡೆದರು. "ಹೊಗಿ ಗಿಗಿ ಏನೂ ಬ್ಯಾಡ್ರೀ ಬೀಗತ್ಯಾರ. ಅರಿವಿಲೆ ಒರಸಿದ್ರ ಕೂದಲಾ ತಾವ ಒಣಗತಾವ." ಐವತ್ತು ವರ್ಷ ಊರಿನ ಕೂಸುಗಳಿಗೆಲ್ಲ ಹೊಗೆ ಕೊಟ್ಟವರು ಇವರೇ.

ಏಪ್ರಿಲ್ ೬

ಹಂಸಾ ಇವತ್ತಿನಿಂದ ನಮ್ಮಲ್ಲಿ. ಸಿಂಧುವೂ ಲ್ಯಾಪ್‌ಟಾಪ್ ಹಿಡಿದು ಬಂದಳು, ಹಾಲ್‌ನಲ್ಲಿ ಕೂತು ಕೆಲಸ ಮಾಡುತ್ತಾಳೆ. ಮಗು ಮಲಗಿದಾಗ ಅವಳು ಹೋಗಿ ನೋಡುತ್ತಾಳೆ. ಅವಳು ಬಂದ ಮೇಲೆ ನಾನು ಹೋಗುತ್ತೇನೆ. ನಾನು ಬಂದ ಮೇಲೆ ಅತ್ತೆ. "ನಾವ ಮೂರೂ ಮಂದಿ ಹಿಂಗ ಅಡ್ಡಾಡಿದ್ರ ಆ ಕೂಸು ಮಲಗೂದ್ಹೆಂಗ?" ಎಂದು ಬೈದರು, ಎದ್ದು ತಾವೇ ಮತ್ತೆ ಹೋದರು.

ಏಪ್ರಿಲ್ ೧೭

ಬೆಳಗ್ಗೆ ಸಿಂಧು ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡೇ ನಿಂತಿದ್ದಳು.

"ಆಂಟಿ, ಮೀಟಿಂಗು ಇದೆ. ಆಫೀಸಿಗೆ ಹೋಗ್ಲಾ?"

"ಹೋಗಿ ಬಾ."

ಹೊಸ್ತಿಲು ದಾಟಿದಳು. ಕಾರಿನ ಹತ್ತಿರ ನಿಂತಳು. ನಾನು ಹಂಸಾಳ ಕೈ ಹಿಡಿದು ಟಾಟಾ ಮಾಡಿಸಿದೆ. ಅವಳೂ ಮಾಡಿದಳು. ಕಾರು ತಿರುವಿನಲ್ಲಿ ಮರೆಯಾಯಿತು.

ಹಂಸಾ ಹಾಲು ಕುಡಿದು, ಅಂಗಾತ ಮಲಗಿ, ನಿದ್ದೆ ಹೋದಳು. ನಾನು ಪಕ್ಕದಲ್ಲೇ ಕೂತೆ. ಅವಳ ಹೊಟ್ಟೆ ಏರುವುದು, ಇಳಿಯುವುದು. ಏರುವುದು, ಇಳಿಯುವುದು. ಜಗತ್ತಿನಲ್ಲಿ ಇದಕ್ಕಿಂತ ಚೆಂದದ್ದು ಇನ್ನೇನಾದರೂ ಇದ್ದರೆ ನಾನು ನೋಡಿಲ್ಲ. ಎದ್ದವಳೇ ಮನೆ ಹಾರಿಹೋಗುವಂತೆ ಕಿರುಚಿದಳು. ಫೋನ್ ಹಿಡಿದು ಸಿಂಧುಗೆ ಕೇಳಿಸಿದೆ. ಮೀಟಿಂಗಿನ ಮಧ್ಯೆ ಇದ್ದಳಂತೆ. ಎಲ್ಲರಿಗೂ ಕೇಳಿಸುವಂತೆ ದನಿ ಜೋರು ಮಾಡಿದಳಂತೆ.

ನವೆಂಬರ್ ೮

ಹಂಸಾಳ ಮೊದಲ ಹುಟ್ಟುಹಬ್ಬ, ಲೇಕ್ ಎಲಿಜಬೆತ್ ದಂಡೆಯ ಪಾರ್ಕಿನಲ್ಲಿ. ಬಂದವರು ಬಹಳ. ಡೇಕೇರಿನ ತಾಯಂದಿರು, ಡಾಕ್ಟರ್ ಯೋಗಾನಂದ, ನಮ್ಮ ವಕೀಲರೂ ಬಂದಿದ್ದರು. ಗಿರಮಿಟ್ಟು ತಿಂದು ಕಣ್ಣಲ್ಲಿ ನೀರು ತಂದುಕೊಂಡರು, ಖಾರಕ್ಕೆ. ಆಕಾಶ ತೊಳೆದಿಟ್ಟಂತಿತ್ತು. ಬೆಳಗ್ಗೆ ಸಿಂಧು, ಅಭಿರಾಮ್ ಶ್ರೀವತ್ಸನ ಹೆಸರಿನಲ್ಲಿ ಅಲ್ಲೇ ಒಂದು ಓಕ್ ಸಸಿ ನೆಟ್ಟರು. ಅಭಿರಾಮ್ ಮಣ್ಣು ಹಾಕಿದ, ಅವನ ತಾಯಿ ನೀರೆರೆದರು. ಯಾರೂ ಭಾಷಣ ಮಾಡಲಿಲ್ಲ.

ಆಮೇಲೆ ಊಟ. ಕುಂದಾ ನನ್ನದು, ಬಿಸಿಬೇಳೆಭಾತು ಅಭಿರಾಮ್ ತಾಯಿಯದು. ಯಾವುದು ಮೊದಲು ಖಾಲಿಯಾಗುತ್ತದೆ ಎಂದು ಅತ್ತೆ ಕಣ್ಣಿಟ್ಟಿದ್ದರು. ಕುಂದಾ ಗೆದ್ದಿತು. ಕೇದಾರ ಮಕ್ಕಳಿಗೆ ಲಗೋರಿ ಕಲಿಸಲು ಹೋಗಿ ತಾವೇ ಸೊಂಟ ಹಿಡಿದುಕೊಂಡು ಕೂತರು. ಸಿಂಧು ಅವಳಿಗಳ ತಾಯಿಯ ಜೊತೆ ಡಬಲ್ಸ್ ಬ್ಯಾಡ್ಮಿಂಟನ್ ಆಡಿದಳು. ಅವಳು ಹೀಗೆ ಆಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಗೆದ್ದಾಗ ರ‍್ಯಾಕೆಟ್ ಮೇಲಕ್ಕೆಸೆದು ಹಿಡಿದಳು.

ಹಂಸಾ ಊಟದ ಮೊದಲೇ ಮರದ ನೆರಳಿನಲ್ಲಿ ಗಾಡಿಯೊಳಗೆ ಮಲಗಿಬಿಟ್ಟಿದ್ದಳು. ಬಡಿಸುವುದು, ಆಟ, ಹರಟೆ, ಫೋಟೋ ಎಲ್ಲ ಮುಗಿದು ತಟ್ಟೆಗಳನ್ನು ಎತ್ತುವಾಗ ತಾನಾಗಿ ಎದ್ದು ಕೂತು, ಕೇಕು ಎಲ್ಲಿ ಎಂಬಂತೆ ಸುತ್ತಲೂ ನೋಡಿದಳು.

ಅಷ್ಟು ಹೊತ್ತಿನಲ್ಲಿ ನಾವು ಯಾರೂ ಹೋಗಿ ಅವಳ ಉಸಿರು ನೋಡಿರಲಿಲ್ಲ.